ಬರ್ಗಂಡಿ ತೆಂಗಿನ ನಾರಾಗುವ ಮುನ್ನ...

ಪಾರ್ಲರಿನಲ್ಲಿ ತಲೆಗೆ ಬಣ್ಣ ಹಾಕಿಸಿಕೊಂಡು, ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿ, ದುಡ್ಡು ಕೊಡೋಕೆ ಅಂತ ಬರುವಷ್ಟರಲ್ಲಿ ಕೌಂಟರಿನ ಮೇಲೆ ಒಂದು ಬಾಟಲಿ ಬಂದು ಕೂತಿರುತ್ತೆ. "ಮ್ಯಾಮ್, ಈ ಶಾಂಪೂನೇ ಹಾಕಿ, ಇಲ್ಲಾಂದ್ರೆ ಕಲರ್ ಬೇಗ ಹೋಗುತ್ತೆ." ಪಕ್ಕದಲ್ಲಿ ಅದರ ತಂಗಿ ಕಂಡೀಷನರ್, ಹಿಂದೆ ಚಿಕ್ಕಮ್ಮ ಸೀರಮ್ಮು. ಆಗಷ್ಟೇ ಸಾವಿರಗಟ್ಟಲೆ ಬಿಲ್ಲು ಕಟ್ಟಲು ಹೊರಟವರಿಗೆ ಇನ್ನೊಂದು ಸಾವಿರ ದೊಡ್ಡದಾಗಿ ಕಾಣಿಸಲ್ಲ ಅನ್ನೋದು ಅವರಿಗೂ ಗೊತ್ತು, ನಮಗೂ ಗೊತ್ತು :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಣ್ಣ ನಿಲ್ಲೋದು ಬಿಡೋದು ಆ ಬಾಟಲಿಗಿಂತ ಹೆಚ್ಚಾಗಿ ನಿಮ್ಮ ಬಚ್ಚಲುಮನೆಯ ನೀರಿನ ಮೇಲಿದೆ. ಯಾವ ನೀರು, ಎಷ್ಟು ಬಿಸಿ, ವಾರಕ್ಕೆಷ್ಟು ಸಲ. ಈ ಮೂರು ಪ್ರಶ್ನೆಯನ್ನು ಬಣ್ಣ ಕಲಸುವ ಮುಂಚೆ ಕೇಳಿದ ಒಂದೇ ಒಂದು ಪಾರ್ಲರನ್ನು ನಾನಿನ್ನೂ ನೋಡಿಲ್ಲ. ಶೇಡ್ ಕಾರ್ಡು ತೋರಿಸ್ತಾರೆ, ಕಾಫಿ ಕೊಡ್ತಾರೆ, "ನಿಮ್ಮ ಮನೆಗೆ ಬೋರ್ ನೀರಾ ಕಾವೇರಿನಾ?" ಅಂತ ಮಾತ್ರ ಕೇಳಲ್ಲ.

ಯಾಕೆ ನೀರಿನ ಮೇಲೆ ಇಷ್ಟು ಕೋಪ ಅಂದ್ರೆ, ಕೂದಲೊಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡಬೇಕು. ಕೂದಲಿನ ಹೊರಗಡೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಣ್ಣ ಸಣ್ಣ ಪದರ ಇರುತ್ತೆ. ಅದರ ಮೇಲೆ ಹುಟ್ಟಿನಿಂದಲೇ ಬಂದ ತೆಳುವಾದ ಜಿಡ್ಡು. ಅಮೋನಿಯಾ ಆ ಹಂಚುಗಳನ್ನು ಎತ್ತುತ್ತೆ, ಹೈಡ್ರೋಜನ್ ಪೆರಾಕ್ಸೈಡು ಒಳಗಿನ ಸ್ವಂತ ಬಣ್ಣವನ್ನು ಸ್ವಲ್ಪ ತಿಳಿಯಾಗಿಸುತ್ತೆ, ಜೊತೆಗೆ ಪಿಪಿಡಿ ಅಂತ ಕರೆಯೋ ರಾಸಾಯನಿಕ ಮತ್ತು ಅದರ ಬಳಗದ ಸಣ್ಣ ಅಣುಗಳನ್ನು ಒಳಗೇ ಕೂಡಿಸಿ ದೊಡ್ಡದು ಮಾಡುತ್ತೆ. ಒಳಗೆ ಹೋಗುವಾಗ ಸಣ್ಣದು, ಹೊರಗೆ ಬರೋಕೆ ದೊಡ್ಡದು. ಅದಕ್ಕೇ ಬಣ್ಣ ನಿಲ್ಲೋದು. 1907ರಲ್ಲಿ ಪ್ಯಾರಿಸ್ಸಿನಲ್ಲಿ ಯೂಜೀನ್ ಶ್ಯುಲರ್ ಅನ್ನೋ ರಸಾಯನಶಾಸ್ತ್ರಜ್ಞ ಕೂದಲ ಬಣ್ಣ ತಯಾರಿಸಿ ಅಲ್ಲಿನ ಪಾರ್ಲರುಗಳಿಗೆ ಮಾರೋಕೆ ಶುರು ಮಾಡಿದ. 1909ರ ಅವನ ಕಂಪನಿಯೇ ಇವತ್ತಿನ ಲೋರಿಯಾಲ್. ನೂರು ವರ್ಷ ದಾಟಿದರೂ ಶಾಶ್ವತ ಬಣ್ಣದ ಮೂಲ ಉಪಾಯ ಅಷ್ಟೇನೂ ಬದಲಾಗಿಲ್ಲ.

ಆದರೆ ಈ ಕೆಲಸದಲ್ಲಿ ಆ ಹುಟ್ಟುಜಿಡ್ಡು ತೊಳೆದುಹೋಗುತ್ತೆ. ಮೊದಲು ಕೆಸುವಿನೆಲೆ ಥರ ನೀರು ಜಾರಿಸುತ್ತಿದ್ದ ಕೂದಲು ಈಗ ನೀರು ಹೀರುತ್ತೆ, ಊದಿಕೊಳ್ಳುತ್ತೆ, ಊದಿಕೊಂಡಾಗ ಒಳಗಿನ ಬಣ್ಣ ಒಂದೊಂದೇ ಹೊರಗೆ ಜಾರುತ್ತೆ. ಇದಕ್ಕೆ ಶಾಂಪೂ ಬೇಕಿಲ್ಲ, ಬರೀ ನೀರೇ ಸಾಕು. ಶಾಂಪೂ ಸೇರಿದರೆ ಸ್ವಲ್ಪ ಜಾಸ್ತಿ ಅಷ್ಟೆ. ಸಲ್ಫೇಟ್ ಇಲ್ಲದ ಶಾಂಪೂ ತಂದು ದಿನಾ ತಲೆ ತೊಳೆಯೋರಿಗಿಂತ, ಮಾಮೂಲಿ ಶಾಂಪೂ ಹಾಕಿ ವಾರಕ್ಕೆರಡು ಸಲ ತೊಳೆಯೋರ ಬಣ್ಣ ಹೆಚ್ಚು ದಿನ ಇರುತ್ತೆ ಅಂತ ನಾನು ಹೇಳೋದು ಇದಕ್ಕೇ. ಬಿಸಿನೀರಿನ ಕಥೆಯಂತೂ ಕಾಫಿ ಫಿಲ್ಟರಿನ ಮುಂದೆ ನಿಂತವರಿಗೆಲ್ಲ ಗೊತ್ತಿರೋದೇ. ಕುದಿಯೋ ನೀರು ಹಾಕಿದರೆ ಗಟ್ಟಿ ಡಿಕಾಕ್ಷನ್ ಇಳಿಯುತ್ತೆ, ತಣ್ಣೀರು ಹಾಕಿದರೆ ಇಳಿಯಲ್ಲ. ನಿಮ್ಮ ತಲೆಯಿಂದ ಡಿಕಾಕ್ಷನ್ ಇಳಿಸಬೇಡಿ. ಉಗುರುಬೆಚ್ಚಗೆ ಸಾಕು. (ಕೊನೆಗೆ ತಣ್ಣೀರು ಹುಯ್ದರೆ ಆ ಹಂಚುಗಳು ಟಪ್ ಅಂತ ಮುಚ್ಚಿಕೊಳ್ಳುತ್ತವೆ ಅನ್ನೋದನ್ನ ನಾನು ನಂಬಲ್ಲ. ಚಳಿಗಾಲದ ಬೆಳಿಗ್ಗೆ ಆ ಶಿಕ್ಷೆ ಯಾರಿಗೂ ಬೇಡ.)

ಇನ್ನು ಯಾವ ನೀರು ಅನ್ನೋದು. ಬೆಂಗಳೂರಿಗೆ ಕಾವೇರಿ ನೀರು ನೂರು ಕಿಲೋಮೀಟರಿನಷ್ಟು ದೂರದಿಂದ ಮೇಲೆ ಹತ್ತಿ ಬರಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ಊರೆಲ್ಲ ಟ್ಯಾಂಕರಿನ ಹಿಂದೆ ಓಡಿದ್ದು ನೆನಪಿರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, 775 ದಶಲಕ್ಷ ಲೀಟರಿನ ಯೋಜನೆ, ಹೊರವಲಯದ 110 ಹಳ್ಳಿಗಳಿಗೆ ಅಂತ. ಆದರೂ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಸಂಪಿಗೆ ಬಂದ ಕಾವೇರಿಗೆ ಬೋರ್ ನೀರು ಬೆರೆಸಿಯೇ ಮೇಲಕ್ಕೆ ಏರಿಸೋದು. ಗಡಸು ನೀರಿಗೆ ಪರೀಕ್ಷೆ ಬೇರೆ ಬೇಡ. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿದ ಹಾಗೆ, ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ಲ. ಆ ಸುಣ್ಣವೇ ಕೂದಲ ಮೇಲೂ ಕೂರುತ್ತೆ. ಬಣ್ಣ ಒಳಗಿದ್ದರೂ ಮೇಲೆ ಧೂಳು ಹಿಡಿದ ಕಿಟಕಿ ಗಾಜಿನ ಹಾಗೆ ಮಂಕಾಗಿ ಕಾಣುತ್ತೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಶಾಂಪೂ ಸುರಿದು ಇನ್ನಷ್ಟು ಉಜ್ಜೋದು ನಾವೇ.

ಇದಕ್ಕೆ ಮಾರೋ ಶವರ್ ಫಿಲ್ಟರುಗಳ ಬಗ್ಗೆ ಒಂದು ಮಾತು. ಅವು ಬಹುಪಾಲು ಕ್ಲೋರಿನ್ ಹಿಡಿಯೋಕೆ ಮಾಡಿದವು. ನೀರಿನ ಗಡಸುತನ ಹೋಗಬೇಕಾದರೆ ಉಪ್ಪು ಹಾಕಿ ನಡೆಸೋ ಸಾಫ್ಟನರ್ ಯಂತ್ರವೇ ಬೇಕು, ಅಂಗೈಯಗಲದ ಡಬ್ಬಿಯಿಂದ ಆಗೋ ಕೆಲಸ ಅಲ್ಲ. ನನಗೆ ಗೊತ್ತಿರೋ ಅಗ್ಗದ ದಾರಿ ಅಂದ್ರೆ ಕೊನೆಯ ಎರಡು ಚೊಂಬು ಮಾತ್ರ ಮೆದು ನೀರು ಹುಯ್ದುಕೊಳ್ಳೋದು. ಕಾವೇರಿ ಬಂದ ದಿನ ಒಂದು ಬಕೆಟ್ ಹಿಡಿದಿಟ್ಟರೆ ಸಾಕು. ಮಳೆ ನೀರಾದರೆ ಇನ್ನೂ ಒಳ್ಳೇದು, ಅದರಷ್ಟು ಮೆದು ನೀರು ಇನ್ನೊಂದಿಲ್ಲ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯ ಅಂತ ಕಾನೂನೇ ಇದೆ. ನಿಮ್ಮ ಮನೆಯ ಮಾಳಿಗೆ ಪೈಪು ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ನೋಡಿ :-) ಒಂದು ಎಚ್ಚರಿಕೆ. ಆರ್‌ಓ ಯಂತ್ರದಿಂದ ಹೊರಬರೋ ವೇಸ್ಟ್ ನೀರನ್ನ ಹಿಡಿದಿಟ್ಟು ಎಲ್ಲಕ್ಕೂ ಬಳಸೋ ಅಭ್ಯಾಸ ಈಗ ಎಷ್ಟೋ ಮನೆಗಳಲ್ಲಿದೆ. ನೆಲ ಒರೆಸಿ, ಬಚ್ಚಲು ತೊಳೀರಿ, ತಲೆಗೆ ಮಾತ್ರ ಬೇಡ. ಕುಡಿಯೋ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತೆ.

ಅಂತರ್ಜಾಲದಲ್ಲಿ ಸಿಗೋ ಸಲಹೆಗಳಲ್ಲಿ ನನಗೆ ನಗು ಬರಿಸೋದು "ವಾರಕ್ಕೆರಡೇ ಸಲ ತಲೆ ತೊಳೆಯಿರಿ" ಅನ್ನೋದು. ಬರೆದವರಿಗೆ ನಮ್ಮ ಮನೆಗಳ ತಲೆಸ್ನಾನದ ಪಂಚಾಂಗ ಗೊತ್ತಿಲ್ಲ. ಶುಕ್ರವಾರ ತಲೆಗೆ ಹಾಕ್ಕೋಬೇಕು. ಹಬ್ಬದ ದಿನ ಹಾಕ್ಕೋಬೇಕು. ಸಾವಿನ ಮನೆಗೆ ಹೋಗಿ ಬಂದರೆ ಬಾಗಿಲಲ್ಲೇ ನಿಂತು ನೇರ ಬಚ್ಚಲಿಗೆ. ಮುಟ್ಟಿನ ಲೆಕ್ಕ ಬೇರೆ. ಕೂದಲಿಗೆ ಕತ್ತರಿ ತಾಗಿಸಿ ಬಂದರೂ ಸ್ನಾನ ಮಾಡದೆ ಒಳಗೆ ಕಾಲಿಡೋ ಹಾಗಿಲ್ಲ.

ಈ ಕೊನೆಯದರ ಬಗ್ಗೆ ನಮ್ಮಮ್ಮನಿಗೂ ನನಗೂ ನಡೆದ ವಾದ ಸುಪ್ರೀಂ ಕೋರ್ಟಿಗೆ ಹೋಗೋ ಮಟ್ಟದ್ದು. ತಿಪಟೂರಿನಿಂದ ಅಮ್ಮ ಬಂದಿದ್ದಾಗ ನಾನು ಕಟ್ಟಿಂಗ್, ಕಲರಿಂಗ್ ಎರಡೂ ಮುಗಿಸಿ ಬಂದೆ. "ತಲೆಗೆ ನೀರು ಹಾಕ್ಕೊಂಡು ಒಳಗೆ ಬಾರೇ" ಅಂದ್ರು. "ಅಲ್ಲೇ ತೊಳೆದು ಕಳಿಸಿದ್ದಾರೆ ಕಣಮ್ಮ" ಅಂದೆ. "ಅವರು ತೊಳೆದಿದ್ದು ಬಣ್ಣಾನ. ನಾನು ಹೇಳ್ತಿರೋದು ಸ್ನಾನ." ಈ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ! ಬಣ್ಣ ಹಾಕಿದ ಮೇಲಿನ ಮೊದಲ ಕೆಲವು ತೊಳೆತಗಳಲ್ಲೇ ಹೆಚ್ಚು ಬಣ್ಣ ಹೋಗೋದು, ಅದಕ್ಕೇ ಎರಡು ಮೂರು ದಿನ ತಲೆಗೆ ನೀರು ಬೇಡ ಅನ್ನೋದು ಅಂತ ವಿವರಿಸಿದೆ. ಅಮ್ಮ ಯೋಚನೆ ಮಾಡಿ, ಕುತ್ತಿಗೆಯಿಂದ ಕೆಳಗೆ ಸ್ನಾನ, ತಲೆ ಮೇಲೆ ಅರಿಶಿನದ ನೀರು ನಾಲ್ಕು ಹನಿ ಅಂತ ರಾಜಿ ಮಾಡಿಸಿದರು. ಶಾಸ್ತ್ರ ಹೀಗೆ ಬಗ್ಗುತ್ತೆ ನೋಡಿ, ಬಗ್ಗಿಸೋರು ಮನಸ್ಸು ಮಾಡಿದರೆ. ಮನೆಯಲ್ಲಿ ಅತ್ತೆ ಇರೋರು ಈ ನಾಲ್ಕು ಹನಿಯ ಸೂತ್ರ ಪ್ರಯತ್ನಿಸಬಹುದು, ಫಲಿತಾಂಶಕ್ಕೆ ನಾನು ಜವಾಬ್ದಾರಳಲ್ಲ.

ಇದರ ಜೊತೆಗೇ ಬರೋ ಇನ್ನೊಂದು ವಿಷಯ ಹಬ್ಬದ ಬಣ್ಣ. ದೀಪಾವಳಿ ವಾರದಲ್ಲಿ ಪಾರ್ಲರಿನಲ್ಲಿ ಕುರ್ಚಿ ಸಿಗಲ್ಲ, ಎಲ್ಲರಿಗೂ ಹಬ್ಬಕ್ಕೆ ಮುಂಚೆಯೇ ಬಣ್ಣ ಆಗಬೇಕು. ಎರಡು ದಿನ ಆದ ಮೇಲೆ ನರಕ ಚತುರ್ದಶಿ. ತಲೆ ತುಂಬ ಎಣ್ಣೆ, ಹಂಡೆ ತುಂಬ ಸುಡೋ ನೀರು, ಎಣ್ಣೆ ಬಿಡೋ ತನಕ ಸೀಗೆಪುಡಿಯಲ್ಲಿ ತಿಕ್ಕೋದು. ದುಡ್ಡು ಕೊಟ್ಟು ಹಾಕಿಸಿದ ಬಣ್ಣವನ್ನು ಬಚ್ಚಲಿಗೆ ಬಿಡೋಕೆ ಇದಕ್ಕಿಂತ ಒಳ್ಳೆ ವಿಧಾನ ಇಲ್ಲ. ಅಭ್ಯಂಜನ ಆದ ಮೇಲೆ ಬಣ್ಣ ಹಾಕಿಸಿ. ಪಾರ್ಲರೂ ಖಾಲಿ ಇರುತ್ತೆ, ಕೆಲಸವೂ ಆತುರ ಇಲ್ಲದೆ ಆಗುತ್ತೆ. ಹಬ್ಬದ ಫೋಟೋಗೆ ಬೇರು ಬೆಳ್ಳಗೆ ಕಾಣುತ್ತೆ ಅಂತೀರಾ? ಮಲ್ಲಿಗೆ ಮುಡಿಯಿರಿ, ಬೈತಲೆ ಒಂದಿಷ್ಟು ಪಕ್ಕಕ್ಕೆ ತೆಗೀರಿ.

ಎಣ್ಣೆಯನ್ನೇ ಬೈತಿದ್ದೀನಿ ಅಂದುಕೊಳ್ಳಬೇಡಿ. ತೆಂಗಿನ ಊರಿನವಳು, ಬೈದರೆ ಊರಿಗೆ ಸೇರಿಸಲ್ಲ. ಕೊಬ್ಬರಿ ಎಣ್ಣೆ ಕೂದಲೊಳಗೆ ನಿಜವಾಗಿಯೂ ಇಳಿಯುತ್ತೆ, ನೀರು ತಾಗಿದಾಗ ಕೂದಲು ಊದಿಕೊಳ್ಳೋದನ್ನು ಕಮ್ಮಿ ಮಾಡುತ್ತೆ. 2003ರಲ್ಲಿ ಭಾರತದ ಸಂಶೋಧಕರೇ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದಾಗ ಕೂದಲಿನ ಪ್ರೋಟೀನು ನಷ್ಟವಾಗೋದನ್ನ ತಡೆದಿದ್ದು ಕೊಬ್ಬರಿ ಎಣ್ಣೆ ಮಾತ್ರ. ಬಣ್ಣ ಹಾಕಿದಾಗ ಹೋದ ಆ ಹುಟ್ಟುಜಿಡ್ಡಿನ ಕೆಲಸವನ್ನು ಸ್ವಲ್ಪ ಮಟ್ಟಿಗೆ ಇದು ಮಾಡುತ್ತೆ. ಆದರೆ ತೊಟ್ಟಿಕ್ಕೋ ಹಾಗೆ ಹಚ್ಚಿದರೆ ಎರಡೆರಡು ಸಲ ಶಾಂಪೂ ಹಾಕಬೇಕಾಗುತ್ತೆ, ಅಲ್ಲಿಗೆ ಲಾಭ ಎಲ್ಲ ನೀರುಪಾಲು. ಒಂದು ಚಮಚ, ಅಂಗೈಗೆ ಸವರಿಕೊಂಡು ಉದ್ದಕ್ಕೆ ಮಾತ್ರ, ಸ್ನಾನಕ್ಕೆ ಎರಡು ಗಂಟೆ ಮುಂಚೆ. ಹರಳೆಣ್ಣೆ ಬೇಡವೇ ಬೇಡ, ಅದು ಬಿಡಬೇಕಾದರೆ ಬಣ್ಣವನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತೆ. ಸೀಗೆಕಾಯಿ ಮನೆಯದು, ಆದ್ದರಿಂದ ಮೃದು ಅನ್ನೋದನ್ನೂ ನಾನು ಒಪ್ಪಲ್ಲ. ತರಿತರಿ ಪುಡಿಯಲ್ಲಿ ತಿಕ್ಕಿದರೆ ಎದ್ದಿರೋ ಹಂಚು ಇನ್ನಷ್ಟು ಕಿತ್ತುಬರುತ್ತೆ. ದಾಸವಾಳದ ಸೊಪ್ಪಿನ ಲೋಳೆ ಅದಕ್ಕಿಂತ ವಾಸಿ. ತಲೆಹೊಟ್ಟಿನ ಶಾಂಪೂ ಹಾಕೋರು ಲೇಬಲ್ ಓದಿ. ಸೆಲೆನಿಯಂ ಸಲ್ಫೈಡ್ ಇರೋದು ಬಣ್ಣದ ಕೂದಲನ್ನು ಕೆಡಿಸುತ್ತೆ, ಕೆಲವು ಬಾಟಲಿಯ ಮೇಲೆ ಅವರೇ ಬರೆದಿರ್ತಾರೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ, ಅದು ಬಣ್ಣ ತಿಳಿ ಮಾಡೋ ಮದ್ದು.

ಬಿಸಿಲು ಅಂದಾಗ ನೆನಪಾಯಿತು, ಬಿಸಿಲಿಗೂ ಬಣ್ಣ ಮಾಸುತ್ತೆ. ಟೋಪಿ ಹಾಕಿ ಅನ್ನೋದು ಬೇರೆ ದೇಶದ ಸಲಹೆ. ನಮಗೆ 2016ರಿಂದ ಸ್ಕೂಟರಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಆಗಿದೆ, ನೆತ್ತಿಗೆ ಬಿಟ್ಟಿ ನೆರಳು. ಹೊರಗೆ ನೇತಾಡೋ ಜಡೆಯ ತುದಿ ನೋಡಿ, ನೆತ್ತಿಗಿಂತ ಎರಡು ಶೇಡು ಕೆಳಗಿರುತ್ತೆ. ಒಂದು ದುಪಟ್ಟಾ ಸುತ್ತಿದರೆ ಆಯಿತು.

ಇಷ್ಟೆಲ್ಲ ಹೇಳಿದ್ದು ಮಾಸೋ ಸಮಸ್ಯೆಗೆ. ಆದರೆ "ನನ್ನ ಕಲರ್ ನಿಲ್ಲಲ್ಲ" ಅನ್ನೋ ಹತ್ತು ಜನರನ್ನ ಸರಿಯಾಗಿ ಕೇಳಿದರೆ ಬಹಳಷ್ಟು ಜನರದು ಮಾಸೋ ಸಮಸ್ಯೆಯೇ ಅಲ್ಲ, ಬೆಳೆಯೋ ಸಮಸ್ಯೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ, ಯಾವ ಶಾಂಪೂ ಹಾಕಿದರೂ ಹಾಕದಿದ್ದರೂ. ಕಡುಗಪ್ಪು ಹಾಕಿಸಿದವರಿಗೆ ಮೂರನೇ ವಾರಕ್ಕೇ ಬೈತಲೆಯಲ್ಲಿ ರಂಗೋಲಿ ಗೆರೆ. ಇದಕ್ಕೆ ಉತ್ತರ ಶೇಡಿನಲ್ಲಿದೆ. ಗಾಢ ಕಂದು ಹಾಕಿಸಿದರೆ ಬಿಳಿ ಬೇರಿಗೂ ಬಣ್ಣಕ್ಕೂ ಅಷ್ಟು ಜಗಳ ಕಾಣಲ್ಲ, ಇನ್ನೆರಡು ಮೂರು ವಾರ ಸುಮ್ಮನೆ ಎಳೆಯಬಹುದು.

ಬರ್ಗಂಡಿಯ ಮೋಹ ಇರೋರಿಗೆ ಬೇಜಾರಿನ ಸುದ್ದಿ. ನಮ್ಮ ಕಪ್ಪು ಕೂದಲಿಗೆ ಕೆಂಪು ಕೂರಬೇಕಾದರೆ ಮೊದಲು ಕಪ್ಪನ್ನು ಸ್ವಲ್ಪ ತೆಗೆಯಬೇಕು. ಕಪ್ಪು ತೆಗೆದರೆ ಕೆಳಗೆ ಕಾಣೋದು ಕಿತ್ತಳೆ. ಮೇಲೆ ಕೂರಿಸಿದ ಕೆಂಪು ಎಲ್ಲಕ್ಕಿಂತ ಬೇಗ ಮಾಸೋ ಬಣ್ಣ. ಅದು ಹೋದ ಮೇಲೆ ಉಳಿಯೋ ಬಣ್ಣಕ್ಕೆ ಪಾರ್ಲರಿನಲ್ಲಿ ಏನೇನೋ ಹೆಸರು ಹೇಳ್ತಾರೆ. ನಮ್ಮೂರಿನಲ್ಲಿ ಅದಕ್ಕೆ ತೆಂಗಿನ ನಾರು ಅಂತಾರೆ. ಬರ್ಗಂಡಿ ಬೇಕೇ ಬೇಕು ಅನ್ನೋರು ಕೆಂಪಿಗಿಂತ ಕಂದು ಜಾಸ್ತಿ ಇರೋ ಶೇಡು ಕೇಳಿ, ಮಾಸಿದರೂ ಮರ್ಯಾದೆ ಉಳಿಯುತ್ತೆ.

ಪಾರ್ಲರಿನಲ್ಲಿ ಇನ್ನೊಂದು ಕಡೆ ಗಟ್ಟಿಯಾಗಿ ನಿಲ್ಲಬೇಕು. ಪ್ರತಿ ಸಲ "ಗ್ಲೋಬಲ್ ಮಾಡಿಬಿಡೋಣ ಮ್ಯಾಮ್" ಅಂತಾರೆ, ಅಂದ್ರೆ ಬುಡದಿಂದ ತುದಿಯವರೆಗೆ. ತುದಿಗೆ ಆಗಲೇ ನಾಲ್ಕು ಸಲ ಪೆರಾಕ್ಸೈಡು ಬಿದ್ದಿರುತ್ತೆ. ಐದನೇ ಸಲ ಬಿದ್ದರೆ ಜರಡಿ ಆಗುತ್ತೆ. ಜರಡಿಯಲ್ಲಿ ಬಣ್ಣ ನಿಲ್ಲುತ್ತಾ? ಅದು ನಿಲ್ಲಲಿಲ್ಲ ಅಂತ ಆರನೇ ಸಲ ಮತ್ತೆ ಗ್ಲೋಬಲ್. ಬುಡಕ್ಕೆ ಮಾತ್ರ ಟಚ್‌ಅಪ್ ಮಾಡಿಸಿ, ಉದ್ದಕ್ಕೆ ಬೇಕಾದರೆ ಪೆರಾಕ್ಸೈಡು ಕಮ್ಮಿ ಇರೋ, ಮೇಲೆ ಬಣ್ಣ ಮಾತ್ರ ತುಂಬೋ ಡೆಮಿ ಪರ್ಮನೆಂಟ್ ಹಾಕಿಸಿ. ಬಿಲ್ಲು ಕಮ್ಮಿ ಆಗುತ್ತೆ, ಅದಕ್ಕೇ ಅವರಾಗಿ ಹೇಳಲ್ಲ. ಹಾಗೇ ಹೋಗೋ ಹಿಂದಿನ ದಿನ ಸುಣ್ಣ ತೆಗೆಯೋ ಇಡಿಟಿಎ ಇರೋ ಶಾಂಪೂ ಒಮ್ಮೆ ಹಾಕಿ ಹೋಗಿ. ಬಣ್ಣ ಆದ ಮೇಲೆ ಅದನ್ನ ಹಾಕೋದಲ್ಲ, ಮುಂಚೆ.

ನಡುವೆ ಮದರಂಗಿ ಹಾಕಬಹುದಾ ಅಂತ ಕೇಳೋರಿಗೆ: ಬರೀ ಎಲೆಯ ಪುಡಿ ಆದರೆ ಹಾಕಬಹುದು, ಬಿಳಿ ಕೂದಲು ಕಿತ್ತಳೆ ಆಗುತ್ತೆ ಅನ್ನೋದು ಒಪ್ಪಿಗೆ ಇದ್ದರೆ. ಅದರ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಳ್ಳೋದರಿಂದ ಬಿಟ್ಟೂ ಹೋಗಲ್ಲ. "ಕಪ್ಪು ಮೆಹಂದಿ" ಅಂತ ಬರೋ ಪೊಟ್ಟಣಗಳ ಹಿಂಬದಿ ಮಾತ್ರ ಕನ್ನಡಕ ಹಾಕ್ಕೊಂಡು ಓದಿ. ಮದರಂಗಿ ಎಲೆಯಲ್ಲಿ ಕಪ್ಪಿಲ್ಲ. ಕಪ್ಪು ಬರ್ತಿದೆ ಅಂದ್ರೆ ನೀಲಿ ಗಿಡದ ಪುಡಿ ಇರಬೇಕು, ಇಲ್ಲಾ ಪಿಪಿಡಿ ಇರಬೇಕು.

ನಾನು ಇದನ್ನೆಲ್ಲ ಬರೀತಿರೋದು ದುಡ್ಡು ಉಳಿಸೋಕೆ ಮಾತ್ರ ಅಲ್ಲ, ಈ ಪಿಪಿಡಿಗೋಸ್ಕರವೇ. ನಮ್ಮ ಬೀದಿಯ ಆಂಟಿಯೊಬ್ಬರು ಹದಿನೈದು ವರ್ಷ ಬಣ್ಣ ಹಾಕಿದವರು, ಮಗಳ ಮದುವೆ ಹತ್ತಿರ ಬಂತು ಅಂತ ಮೂರು ವಾರಕ್ಕೊಮ್ಮೆ ಹಾಕೋಕೆ ಶುರು ಮಾಡಿದರು. ಮದುವೆಗೆ ಐದು ದಿನ ಇರುವಾಗ ಹಣೆ ಕೆಂಪಾಗಿ, ಕಣ್ಣು ಮುಚ್ಚೋ ಹಾಗೆ ಮುಖ ಊದಿಕೊಂಡಿತು. "ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ" ಅಂತ ಅವರು ಹತ್ತು ಸಲ ಹೇಳಿದರು. ಅಲರ್ಜಿ ಬರೋದೇ ಹಾಗೆ. ಮೈ ಅಷ್ಟು ದಿನ ಸುಮ್ಮನಿದ್ದು ಒಂದು ದಿನ ಬೇಡ ಅನ್ನುತ್ತೆ, ಒಮ್ಮೆ ಅಂದ ಮೇಲೆ ಸಾಮಾನ್ಯವಾಗಿ ಜೀವಮಾನ ಪೂರ್ತಿ ಬೇಡವೇ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2006ರಲ್ಲಿ ಪಿಪಿಡಿಯನ್ನು ವರ್ಷದ ಅಲರ್ಜಿಕಾರಕ ಅಂತಲೇ ಹೆಸರಿಸಿತ್ತು. ನಾಲ್ಕು ವಾರಕ್ಕೊಮ್ಮೆ ಹಾಕಿಸಿದರೆ ವರ್ಷಕ್ಕೆ 13 ಸಲ, ಎಂಟು ವಾರಕ್ಕೆ ಎಳೆದರೆ ಆರೇಳು ಸಲ. ಆ ವ್ಯತ್ಯಾಸ ನನಗೆ ಬಣ್ಣಕ್ಕಿಂತ ದೊಡ್ಡದು. "ಅಮೋನಿಯಾ ಫ್ರೀ" ಅಂತ ಧೈರ್ಯ ತಗೋಬೇಡಿ. ಅಮೋನಿಯಾ ಬದಲು ವಾಸನೆ ಬರದ ಇನ್ನೊಂದು ಕ್ಷಾರ ಹಾಕಿರ್ತಾರೆ, ಪಿಪಿಡಿಗೂ ಆ ಮಾತಿಗೂ ಸಂಬಂಧವೇ ಇಲ್ಲ. ಹೊಸ ಬಣ್ಣ ಅಂದ್ರೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಯಾವ ಪಾರ್ಲರಿನಲ್ಲೂ ಅವರಾಗಿ ಮಾಡಿದ್ದು ನಾನು ಕಾಣೆ. ನಾವೇ ಎರಡು ದಿನ ಮುಂಚೆ ಹೋಗಿ "ಒಂದು ಚುಕ್ಕೆ ಹಚ್ಚಮ್ಮ" ಅಂತ ಕೇಳಬೇಕು. ವಿಚಿತ್ರವಾಗಿ ನೋಡ್ತಾರೆ, ನೋಡಲಿ.

ನಾವಾದರೂ ಎಂಟು ವಾರಕ್ಕೊಮ್ಮೆ. ನನಗೆ ಬಣ್ಣ ಹಚ್ಚೋ ಹುಡುಗಿ ದಿನಕ್ಕೆ ಐದಾರು ತಲೆಗೆ ಹಚ್ಚುತ್ತಾಳೆ. ಬೆರಳ ಸಂದಿಯಲ್ಲಿ ಚರ್ಮ ಒಡೆದು ಬಿಳಿಚಿಕೊಂಡಿರುತ್ತೆ, ಉಗುರು ಕಂದು. ಕೈಗವಸು ಯಾಕಮ್ಮ ಹಾಕ್ಕೊಂಡಿಲ್ಲ ಅಂದ್ರೆ, ಬೆಳಿಗ್ಗೆ ಕೊಟ್ಟಿದ್ದು ಹರಿದುಹೋಯಿತು, ದಿನಕ್ಕೆ ಒಂದೇ ಜೊತೆ ಕೊಡೋದು ಅಂದಳು. ಕೌಂಟರಿನ ಮೇಲಿದ್ದ ಆ ಶಾಂಪೂ ಬಾಟಲಿಯ ದುಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಅವಳಿಗೊಂದು ಪೂರ್ತಿ ಡಬ್ಬ ಕೈಗವಸು ಬಂತು. ನೈಟ್ರೈಲ್‌ದು ಕೇಳಿ ತಗೊಳ್ಳಿ, ರಬ್ಬರಿನದು ಬಣ್ಣಕ್ಕೆ ತಡೆಯಲ್ಲ.